ಅಬೇದಾ ಮತ್ತು ಬಿಲ್ಲಿನ ಮಷೀನು

ಕಮತಗಿ ಬಸ್ ಸ್ಟ್ಯಾಂಡ್ ಬಾಜೂಕ ಹದಿನಾರು ವರ್ಷ ಖಾನಾವಳಿ ನಡೆಸಿದಾಕಿ ಅಬೇದಾ. ಗಂಡ ತೀರಿಕೊಂಡ ಮ್ಯಾಲೆ ರೊಟ್ಟಿ ಬಡಿದು, ಮಗಳು ತಬಸುಮಳನ್ನ ಬಿ.ಕಾಂ. ಓದಿಸಿದಳು. ಯಾರ ಮುಂದೂ ಕೈ ಒಡ್ಡಲಿಲ್ಲ, ಯಾರ ಮಾತಿಗೂ ಬಗ್ಗಲಿಲ್ಲ. ಅಂಥಾಕಿಗೂ ಬಸವಂತ ಅನ್ನೂ ಮನುಷ್ಯ ಟೊಪಿಗಿ ಹಾಕಿದ.

ಬಸವಂತ ಒಂದು ಬಿರಿಯಾನಿ ಕಂಪನಿಯ ಏಜೆಂಟ. ಕಂಪನಿ ಹೆಸರಿನಾಗ ವಿದ್ಯಾಗಿರಿ ಕಾಲೇಜಿನ ಎದುರಿಗೆ ಹೋಟೆಲ್ ಹಾಕ್ರಿ ಅಂತ ಹೇಳಾಕ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಅಬೇದಾ ತಾಟು ಹಚ್ಚಿದಳು. ರೊಟ್ಟಿ ಮುರಕೋತ "ಬಿಲ್ಲಿನ ಸಾಫ್ಟವೇರ್ ಫ್ರೀ ಐತ್ರಿ ಅಕ್ಕಾ" ಅಂದ. ಎಷ್ಟು ದಿನ ಫ್ರೀ ಅಂತ ಕೇಳೂ ಮಾತು ಆಕಿ ಬಾಯಿ ತುದಿಗೆ ಬಂದಿತ್ತು. ಆದರ ತಾಟಿನ್ಯಾಗ ಕೈ ಇಟ್ಟವರ ಜೋಡಿ ರೊಕ್ಕದ ಮಾತು ತಗೀಬಾರದು, ಉಣ್ಣಾವ್ರಿಗೆ ತುತ್ತು ಗಂಟಲಾಗ ಸಿಗತೈತಿ ಅನ್ನೂದು ಅವರ ಮನಿ ರೂಢಿ. ಆ ರೂಢೀನೇ ಆಕಿನ್ನ ಸುಟ್ಟಿತು. ಕೈ ತೊಳಕೊಂಡವನೇ ಆತ ಕಾಗದದ ಕಟ್ಟು ಮುಂದಿಟ್ಟ. ತಬಸುಮ ಆವತ್ತು ಪರೀಕ್ಷೆಗೆ ಹೋಗಿದ್ದಳು. ತೋರಿಸಿದ ಕಡೆಯೆಲ್ಲ ಅಬೇದಾ ಸಹಿ ಮಾಡಿದಳು. ಖಾನಾವಳಿ ಮಾರಿದ ಎಂಟು ಲಕ್ಷ ಸುರಿದು ಹೋಟೆಲ್ ತೆರೆದಳು.

ಮೂರು ತಿಂಗಳು ಸುಮ್ಮನಿದ್ದ ಕಂಪನಿ ನಾಲ್ಕನೇ ತಿಂಗಳು ಲೆಕ್ಕ ಕಳಿಸಿತು. ಬಿಲ್ಲಿನ ಮಷೀನಿಗೆ ಬಾಡಿಗಿ, ಅಡಿಗಿ ಮನಿಯೊಳಗ ಆರ್ಡರ್ ತೋರಿಸೂ ಪರದೆಗೆ ಬ್ಯಾರೆ, ಮ್ಯಾಲೆ ಒಂದೊಂದು ಬಿಲ್ಲಿಗೆ ಮೂರು ರೂಪಾಯಿ. ಕಾಲೇಜಿನ ಹುಡುಗ್ರು ಐದು ಮಂದಿ ಕೂಡಿ ಉಂಡರೂ ಐದು ಬಿಲ್ಲು ಕೇಳ್ತಾರ. ತಿಂಗಳ ಲಾಭ ಅಷ್ಟೂ ಅಲ್ಲೇ ಕರಗಿತು. ಎಂಟು ದಿನದಾಗ ತುಂಬದಿದ್ದರ ಮಷೀನು ಬಂದ್. ಮಷೀನು ಬಂದ್ ಅಂದ್ರ ಅಂಗಡಿನೂ ಬಂದ್.

ಫೋನಿನ ಮ್ಯಾಲೆ ಫೋನು ಹಚ್ಚಿ ಬಸವಂತನ್ನ ಕರೆಸಿದಳು. ಕರಾರಿನ ಕಾಪಿ ಕೊಡ್ತೇನಿ ಅಂತ ನಾಲ್ಕು ತಿಂಗಳು ಆಡಿಸಿದ್ದ ಭಾಡ್ಯಾ, ಆವತ್ತು ತಂದ.

"ಒಂಬತ್ತನೇ ಪುಟದಾಗ ಎಲ್ಲಾ ಬರದೈತ್ರಿ. ನೀವು ಓದಲಿಲ್ಲ ಅಂದ್ರ ನಾ ಏನ್ ಮಾಡ್ಲಿ?"

"ನನಗ ಈ ಹೋಟೆಲ್ಲೇ ಬ್ಯಾಡ್ರಿ. ಮುಚ್ಚತೇನಿ."

"ಮುಚ್ರಿ. ಮೂರು ವರ್ಷದ ತನಕ ಸಾಫ್ಟವೇರ್ ಫೀ ಓಡ್ತಾನ ಇರ್ತೈತಿ."

ಅಬೇದಾಳ ಮೈಯೆಲ್ಲ ಉರೀತು. ನನ್ನ ಅನ್ನ ಉಂಡು ನನ್ನ ಹೊಟ್ಟಿ ಮ್ಯಾಲೇ ಹೊಡದ ಅಂತ ಅವನ ಮ್ಯಾಲೆ ಸಿಟ್ಟು. ಬಾಯಿ ಇದ್ದೂ ಕೇಳಲಿಲ್ಲ ಅಂತ ತನ್ನ ಮ್ಯಾಲೆ ಅದಕ್ಕಿಂತ ಹೆಚ್ಚು.

ಬಾಜೂಕ ನಿಂತಿದ್ದ ತಬಸುಮ ಕಾಪಿ ಕಸಕೊಂಡು ಪುಟ ತಿರುವಿದಳು. ಒಂಬತ್ತಕ್ಕ ನಿಂತಳು. ಮತ್ತ ಹಿಂದಿನ ಪುಟ ನೋಡಿದಳು, ಮುಂದಿನದು ನೋಡಿದಳು. "ಅಮ್ಮಿ, ಇಲ್ಲಿ ನೋಡು."

ಅಬೇದಾ ಉರ್ದು ಸಾಲಿಯಾಗ ನಾಲ್ಕನೇತ್ತೆ ತನಕ ಕಲಿತಾಕಿ. ಸಹಿ ಮಾಡೂದು ಉರ್ದುನ್ಯಾಗ. ಎಲ್ಲಾ ಪುಟದಾಗೂ ಆಕಿ ಉರ್ದು ಸಹಿನೇ ಇತ್ತು. ಒಂಬತ್ತನೇದ್ರಾಗ ಮಾತ್ರ ದುಂಡಗೆ, ಕನ್ನಡದಾಗ, ಅಬೇದಾ ಅಂತ ಬರೆದಿತ್ತು.

"ಈ ಪುಟ ನೀ ನನಗ ತೋರಿಸೇ ಇಲ್ಲ" ಅಂದಳು. ಇಷ್ಟೊತ್ತು ಕೊಟ್ಟ ಮರ್ಯಾದಿ ಅಲ್ಲಿಗೆ ಮುಗೀತು.

ಬಸವಂತ ಬ್ಯಾಗು ಹಿಡಕೊಂಡು ಎದ್ದ. ಅಷ್ಟರಾಗ ತಬಸುಮ ಪುಟದ ಫೋಟೋ ತಗದು ಬಾಗಿಲಾಗ ನಿಂತಿದ್ದಳು.

"ಅಕ್ಕಾ, ಕಂಪನ್ಯಾಗ ಹೇಳಿ ಫೀ ಕಡಿಮಿ ಮಾಡಿಸ್ತೇನ್ರಿ."

"ನಿನ್ನ ಕಡಿಮಿ ನನಗ ಬ್ಯಾಡ." ಅಬೇದಾ ಅವನ ಮುಂದ ಪೆನ್ನು ಒಗೆದಳು. "ಅಬೇದಾನ ಸಹಿ ನಾ ಹಾಕೇನಿ ಅಂತ ಬರಿ. ಕೆಳಗ ನಿನ್ನ ಹೆಸರು ಹಾಕು. ಇಲ್ಲಿ ಬರೀತೀಯೋ, ಪೊಲೀಸರ ಮುಂದ ಬರೀತೀಯೋ, ನೀನ ನೋಡು."

ಆತ ಕುಂತು ಬರೆದ. ಅಬೇದಾ ಅನ್ನೂ ಹೆಸರು ಒಂಬತ್ತನೇ ಪುಟದಾಗಿನಷ್ಟೇ ದುಂಡಗೆ ಬಿತ್ತು.