ಗಾಲಿ ಮಾಡುವವರ ಹೆಸರು

ಹೋದ ವಾರ ಜೋಗುಪಾಳ್ಯದ ಮರದಂಗಡಿಯೊಂದಕ್ಕೆ ಕಾಲಿಟ್ಟ ಕೂಡಲೇ ತೇಗದ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೆನ್ಸನ್ ಟೌನಿನ ಆ ಹಿತ್ತಿಲು, ಅಪ್ಪನ ಉಳಿ, ಮೆಟ್ಟಿಲ ಮೇಲೆ ಟೀ ಕಪ್ಪು ಹಿಡಿದು ಕೂತ ಓನರಮ್ಮ... ಎಲ್ಲ ಒಟ್ಟಿಗೇ ಬಂದುಬಿಟ್ಟವು.

ನಾವು ಕಲಬುರಗಿ ಕಡೆಯವರು. ಅಪ್ಪ ಬಡಗಿ. ಓನರಮ್ಮನ ಬಂಗಲೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಮದುವೆಯಾಗದ ಆಂಗ್ಲೋ ಇಂಡಿಯನ್ ಮುದುಕಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಗೇಟಿನಲ್ಲಿ ‘ವೀಲರ್’ ಎಂಬ ಹಿತ್ತಾಳೆ ಫಲಕವಿತ್ತು. ಅದನ್ನು ದಿನಾ ತಾವೇ ಉಜ್ಜುತ್ತಿದ್ದರು. ನಾವು ಮುಟ್ಟಿದರೆ ಬೈಗುಳ ಗ್ಯಾರಂಟಿ.

ಒಂದು ಸಂಜೆ ಅಪ್ಪ ಆ ಹೆಸರಿನ ಅರ್ಥವೇನೆಂದು ಕೇಳಿಯೇಬಿಟ್ಟ. ಗಾಲಿ ಮಾಡುವವನು ಎಂದರು. ಇಂಗ್ಲೆಂಡಿನಲ್ಲಿ ಹಿಂದೆ ಊರೂರಿಗೂ ಒಬ್ಬ ಗಾಲಿ ಮಾಡುವವನಿದ್ದನಂತೆ. ಕಸುಬೇ ಮಕ್ಕಳು ಮೊಮ್ಮಕ್ಕಳಿಗೂ ಹೆಸರಾಗಿ ಉಳಿಯಿತಂತೆ. ಹಾಗಾಗಿ ವೀಲರ್‌ಗಳೆಲ್ಲ ಒಂದೇ ಮನೆತನದವರಲ್ಲ. ಇವರ ಮುತ್ತಜ್ಜ ಸೈನ್ಯದ ಜೊತೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದವನು. ಅವನ ಮೊಮ್ಮಕ್ಕಳು ರೈಲ್ವೆ ಸೇರಿದರು, ಅವರ ಮಕ್ಕಳು ಆಸ್ಟ್ರೇಲಿಯಾ, ಕೆನಡಾ ಎಂದು ಚದುರಿದರು. ಇಲ್ಲಿ ಉಳಿದವರು ಇವರೊಬ್ಬರೇ.

ಅಪ್ಪನ ಮುಖ ಅರಳಿತು. ನಮ್ಮ ಮನೆತನದ ಹೆಸರು ಬಡಿಗೇರ. ತಾತ ಸುತ್ತಲ ಹಳ್ಳಿಗಳಿಗೆಲ್ಲ ಬಂಡಿ ಗಾಲಿ ಮಾಡಿಕೊಟ್ಟವನು. ಬಡಿಗೇರರೂ ಊರೂರಿಗಿದ್ದಾರೆ, ಎಲ್ಲರೂ ನೆಂಟರಲ್ಲ. ಅಪ್ಪ ಇದನ್ನು ಹೇಳಿದಾಗ ಓನರಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ಟೀ ಕಪ್ಪು ಕೆಳಗಿಟ್ಟರು.

“ನಾನ್ ಹೋದ್ರೆ ಫಾದರ್ ಕೇಳ್ತಾರೆ ಮ್ಯಾನ್, ಫ್ಯಾಮಿಲಿ ಯಾರು ಅಂತ. ಒಬ್ರೂ ಇರಲ್ಲ. ಅದೊಂದೇ ನಂಗೆ ಭಯ.”

ಅಪ್ಪ ಮತ್ತೆ ಉಳಿ ಹಿಡಿದ.

ಅವರು ತೀರಿಹೋದಾಗ ವಿದೇಶದಿಂದ ಯಾರಿಗೂ ಬರಲಾಗಲಿಲ್ಲ. ಕಲ್ಲು ಹಾಕಿಸುವವರೆಗೆ ಸಮಾಧಿಗೆ ಮರದ ಶಿಲುಬೆ ನೆಡುವುದು ರೂಢಿ. ಇಂಗ್ಲಿಷ್ ಬಾರದ ಅಪ್ಪ ಗೇಟಿನ ಫಲಕ ನೋಡಿಕೊಂಡು ತೇಗದ ಶಿಲುಬೆಯ ಮೇಲೆ ಆ ಹೆಸರು ಕೆತ್ತಿದ. ಮೊದಲ ಹಿಡಿ ಮಣ್ಣು ಹಾಕಲು ಮನೆಯವರು ಯಾರಿದ್ದೀರಿ ಎಂದು ಫಾದರ್ ನಿಜಕ್ಕೂ ಕೇಳಿದರು. ಬಂದಿದ್ದ ಚರ್ಚಿನವರು ಮುಖ ಮುಖ ನೋಡಿಕೊಂಡರು. ಅಪ್ಪ ಹಣೆಯ ವಿಭೂತಿ ಸಮೇತ ಮುಂದೆ ಬಂದ.

“ನಾವ್ ಅದೀವ್ರಿ. ಅವರೂ ಗಾಲಿ ಮಾಡೋ ಮಂದಿ, ನಾವೂ ಗಾಲಿ ಮಾಡೋ ಮಂದಿ.”

ಫಾದರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವತ್ತು ಅಪ್ಪನ ಮೇಲೆ ನನಗೆ ಉಕ್ಕಿದ ಹೆಮ್ಮೆ ಇನ್ನೂ ಇಳಿದಿಲ್ಲ.

ಕಲ್ಲು ಯಾರೂ ಹಾಕಿಸಲಿಲ್ಲ. ವರ್ಷ ವರ್ಷ ಶಿಲುಬೆಗೆ ಎಣ್ಣೆ ಬಳಿಯುತ್ತಿದ್ದ ಅಪ್ಪನೂ ಈಗಿಲ್ಲ... ಈ ಸಲ ಹೋಗಿ ನೋಡಿದರೆ ಗೆದ್ದಲು ಹಿಡಿದು ಅದು ಒರಗಿಬಿಟ್ಟಿತ್ತು. ಹೊಸದೊಂದು ಮಾಡಿಸೋಣವೆಂದೇ ಮರದಂಗಡಿಗೆ ಹೋದದ್ದು. ಅಂಗಡಿಯವರು ಕೆತ್ತಬೇಕಾದ ಹೆಸರು ಬರೆದುಕೊಂಡು, ತಲೆಯೆತ್ತಿ ನನ್ನ ಕುಂಕುಮ ನೋಡಿದರು.

“ನಿಮ್ಗೇನಾಗ್ಬೇಕಮ್ಮ ಇವ್ರು?”

ಅಪ್ಪನಾಗಿದ್ದರೆ ತಡವರಿಸುತ್ತಿರಲಿಲ್ಲ. ನಾನು ಅವರು ಬರೆದುಕೊಂಡ ಹೆಸರನ್ನು ಇನ್ನೊಮ್ಮೆ ಓದಿದೆ.

“ನಮ್ಮೋರು,” ಎಂದೆ. ಅಷ್ಟು ಹೇಳಲಿಕ್ಕೂ ಈಗ ಇಲ್ಲಿ ಉಳಿದಿರುವುದು ನಾನೊಬ್ಬಳೇ.