ರೋಮನ್ ಮನೆಯ ಡ್ರೈವರ್ ಕೋಣೆ

ಅಥವಾ ಆ ದಿನ ನಕ್ಷೆ ನೋಡಿ ಡ್ರೈವರ್ ವಾಸಣ್ಣ ನಗಲೇ ಇಲ್ಲವೇನೋ. ನಕ್ಕದ್ದು ನಾನೊಬ್ಬನೇ ಇರಬೇಕು. ನೆನಪು ನನ್ನ ಪಕ್ಷಪಾತಿ. ನಾನು ತಪ್ಪು ಮಾಡಿದ ಕಡೆಯಲ್ಲೆಲ್ಲ ಎದುರಿಗಿದ್ದವರನ್ನು ನಗಿಸಿಬಿಡುತ್ತದೆ.

ದೋಹಾದ ವೆಸ್ಟ್ ಬೇಯಲ್ಲಿ ಗಾಜಿನ ಗೋಪುರಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಅಲ್ಲೊಂದು ಕಚೇರಿಯಲ್ಲಿ ನಾನು ಮನೆಗಳ ನಕ್ಷೆ ಬರೆಯುತ್ತಿದ್ದೆ. ಊರಿನವರು ಇಂಜಿನಿಯರ್ ಎನ್ನುತ್ತಿದ್ದರು. ತಿದ್ದುವ ಗೋಜಿಗೆ ಹೋಗಿರಲಿಲ್ಲ. ಒಬ್ಬ ಅರಬ್ಬಿ ಸಾಹೇಬರಿಗೆ ರೋಮನ್ ಮಾದರಿಯ ಮನೆ ಬೇಕಾಯಿತು. ಪುಸ್ತಕ ತಿರುವಿ ಒಂದೇ ವಾರದಲ್ಲಿ ನಾನು ರೋಮ್ ಪಂಡಿತನಾದೆ. ಪ್ರಾಚೀನ ರೋಮಿನ ಸಿರಿವಂತರ ಮನೆ ಬೀದಿಗೆ ಬೆನ್ನು ಹಾಕಿ, ಒಳಗಿನಿಂದ ಆಕಾಶ ನೋಡುತ್ತಿತ್ತು. ನಡುವಿನ ಹಜಾರದ ಮಾಡಿಗೆ ದೊಡ್ಡ ತೆರಪು, ಅದರಡಿ ಮಳೆನೀರಿಗೊಂದು ಕೊಳ. ವರ್ಷಕ್ಕೆ ನಾಲ್ಕು ಹನಿ ಬೀಳುವ ದೋಹಾದಲ್ಲಿ ಆ ಕೊಳವನ್ನೂ ಬರೆದೆ. ಸಾಹೇಬರಿಗೆ ಬಹಳ ಹಿಡಿಸಿತು.

ಪಕ್ಕದ ಗೋಡೆಯುದ್ದಕ್ಕೂ ಆರು ಕಂಬ ಕೂರಿಸುವಾಗ ಒಂದು ಕಂಬ ಸರಿಯಾಗಿ ಡ್ರೈವರ್ ಕೋಣೆಯ ಕಿಟಕಿಯ ಮೇಲೆ ಬಂತು. ಒಂದಡಿ ಸರಿಸಿದರೆ ಸಾಲು ಕೆಡುತ್ತದೆ. ಕಿಟಕಿಯನ್ನು ಅಳಿಸಿದೆ. ಆ ಕೋಣೆಗೆ ಇದ್ದದ್ದು ಅದೊಂದೇ.

ನಕ್ಷೆಯ ಸುರುಳಿ ಒಯ್ಯಲು ಬಂದವರು ಸಾಹೇಬರ ಡ್ರೈವರ್, ಕಾಪು ಕಡೆಯ ವಾಸಣ್ಣ.

"ನಮ್ಮ ಅರಮನೆ ಯಾವುದು ತೋರಿಸಿ ಇಂಜಿನಿಯರ್ರೇ" ಎಂದರು. ಡ್ರೈವರ್ ಕೋಣೆ ತೋರಿಸಿದೆ. ಕನ್ನಡಕ ಏರಿಸಿ ಬಗ್ಗಿದರು.

"ಎಂತ ಮಾರಾಯ್ರೆ, ಇದಕ್ಕೆ ಕಿಟಕಿಯೇ ಇಲ್ವಲ್ಲ?"

"ರೋಮಿನಲ್ಲೂ ಆಳುಗಳ ಕೋಣೆಗೆ ಹೆಚ್ಚಾಗಿ ಕಿಟಕಿ ಇರ್ಲಿಲ್ಲ ವಾಸಣ್ಣ. ಒರಿಜಿನಲ್ ಸ್ಟೈಲ್."

"ಹೌದಾ? ಅವರಿಗೂ ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ ಇತ್ತಾ?"

ರೋಮಿನ ಆಳು ಎಂದರೆ ಕೊಂಡುತಂದ ಗುಲಾಮ. ನನಗೆ ಗೊತ್ತಿತ್ತು, ಹೇಳಲಿಲ್ಲ, ನಕ್ಕೆ. ಒಳಗಿನಿಂದ ಮ್ಯಾನೇಜರು "ಯಲ್ಲಾ, ಯಲ್ಲಾ" ಎಂದು ಅವಸರಿಸಿ ಕೂಗಿದರು. ವಾಸಣ್ಣ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು, ತಮ್ಮ ಕತ್ತಲ ಕೋಣೆಯನ್ನು ತಾವೇ ಹೊತ್ತುಕೊಂಡು.

ರೋಮ್ ಬಿದ್ದರೂ ಕಂಬಗಳು ನಿಂತಿವೆ ಎಂದು ನಾವೆಲ್ಲ ಹೊಗಳುತ್ತೇವೆ. ಅವಕ್ಕೆ ಜಾಗ ಬಿಟ್ಟುಕೊಟ್ಟವರು ಯಾರೆಂದು ಕೇಳುವುದಿಲ್ಲ. ಕೇಳಿದವರು ನನಗೆ ಸಿಕ್ಕ ಮಟ್ಟಿಗೆ ಒಬ್ಬರೇ, ಅವರಿಗೆ ನಾನು ಇತಿಹಾಸದ ಪಾಠ ಮಾಡಿದೆ.

ಮರುದಿನವೇ ಕಿಟಕಿಯನ್ನು ಮತ್ತೆ ಬರೆದು ಕಳಿಸಿದೆ ಎಂದು ಈಚೆಗೆ ನೆನಪಾಗತೊಡಗಿದೆ. ನಂಬುವುದು ಕಷ್ಟ. ನನ್ನಲ್ಲುಳಿದ ಪ್ರತಿಯಲ್ಲಿ ಆರು ಕಂಬಗಳೂ ಸಮ ಅಂತರದಲ್ಲಿ ನಿಂತಿವೆ.

ಮನೆ ಎದ್ದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಮುಂಬಾಗಿಲು ಭವ್ಯವಾಗಿತ್ತು. ಡ್ರೈವರ್ ಕೋಣೆಯ ಗೋಡೆಯಿದ್ದ ಪಕ್ಕದ ಓಣಿಗೆ ತಿರುಗಲು ಹತ್ತು ಹೆಜ್ಜೆ ಸಾಕಿತ್ತು. ಟ್ಯಾಕ್ಸಿಯವನಿಗೆ ವಾಪಸು ಹೋಗೋಣ ಎಂದೆ. ಆ ಗೋಡೆಯಲ್ಲಿ ಕಿಟಕಿ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.