ಮಧ್ಯಾಹ್ನದ ಗಾಲ್ಫ್

ಮೊಮ್ಮಗಳು ತಾಂಡೂರಿನ ಗಂಡನ ಮನೆಯಲ್ಲಿ ಮಂಚ ಇಳಿಯುವಂತಿರಲಿಲ್ಲ. ಬಸುರಿ. ಹಿಂದಿನ ಸಲ ಕೂಸು ಉಳಿದಿರಲಿಲ್ಲ, ಹಾಗಾಗಿ ಈ ಸಲ ಮಲಗಿಯೇ ಇರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಮಲಗಿದ್ದರೂ ಹೆದರಿಕೆಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ನ್ಯಾಲ್ಕಲ್‌ನಲ್ಲಿ, ಮೊಣಕಾಲು ನೋವಿಗೆ ಬಸ್ಸು ಹತ್ತಲಾರದೆ ಕೂತವಳು. ಆಗಷ್ಟೇ ಫೋನಿನಲ್ಲಿ ಟೈಪು ಮಾಡುವುದು ಕಲಿತಿದ್ದೆ. ‘ಉಂಡೇನು?’ ಎಂದು ಕಳಿಸಿದರೆ ‘ಹೂಂ’ ಅಷ್ಟೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳೇ ಗಾಲ್ಫ್ ಆಟದ ಲಿಂಕು ಕಳಿಸಿದಳು. ಅವಳ ಫೋನಿನಲ್ಲಿ ಅವಳು, ನನ್ನದರಲ್ಲಿ ನಾನು, ಪಾಳಿಯ ಮೇಲೆ ಹೊಡೆಯಬೇಕು. ಬೆರಳಿನಿಂದ ಚೆಂಡನ್ನು ಹಿಂದಕ್ಕೆಳೆದು ಬಿಟ್ಟರೆ ಅದು ಹಾರಿ ದೂರದ ಕುಳಿಯ ಹತ್ತಿರ ಬೀಳಬೇಕು. ಆಡುತ್ತ ಫೋನಿನಲ್ಲೇ ಮಾತು.

ಗಾಳಿ ಎತ್ತ ಬೀಸುತ್ತಿದೆಯೆಂದು ಮೂಲೆಯಲ್ಲೊಂದು ಬಾಣ ತೋರಿಸುತ್ತಿತ್ತು. ಕಣದಲ್ಲಿ ತೊಗರಿ ತೂರಿದವಳು ನಾನು. ಮೊರ ಎತ್ತಿ ಹಿಡಿದು ಒಳ್ಳೆಯ ಗಾಳಿ ಬರುವ ತನಕ ನಿಲ್ಲಬೇಕು. ಅವಸರ ಮಾಡಿದರೆ ಹೊಟ್ಟೂ ಕಾಳೂ ಒಂದೇ ಕಡೆ. ಇಲ್ಲೂ ಹಾಗೇ ಬೆರಳೆತ್ತಿ ಕೂತೆ. ನನ್ನ ಪಾಳಿಯ ಹೊತ್ತು ಮುಗಿಯುತ್ತ ಬಂತು.

“ಆಯಿ, ಮಲಗಿದೇನು? ಹೊಡಿ!”

“ತಡಿಯವ್ವಾ, ಗಾಳಿ ತಿರಗಲಿ.”

“ಅದು ತಿರಗಂಗಿಲ್ಲ! ನೀ ಹೊಡಿಯೋತನಕ ಹಂಗೇ ಇರ್ತದ. ನೀನೇ ಒಂದೀಟು ಆಚಿಗಿ ಹಿಡದು ಹೊಡಿಬೇಕು.”

ಕಾಯುವ ಚಟ ನನ್ನ ಕೈ ಬಿಡಲು ಬಹಳ ದಿನ ಹಿಡಿಯಿತು. ಗಾಳಿ ಎಡಕ್ಕಿದ್ದರೆ ಬಲಕ್ಕೆ ಗುರಿ ಹಿಡಿಯುವುದು, ಕುಳಿ ಹತ್ತಿರವಾದಾಗ ಹಗುರಾಗಿ ಎಳೆಯುವುದು, ಮೆಲ್ಲಗೆ ಬಂತು. ಗುರಿ ಕೂಡದ ದಿನ ಬೇರೆ ಉಪಾಯವಿತ್ತು. ಅವಳು ಗುರಿ ಹಿಡಿಯುವ ಹೊತ್ತಿಗೆ ಸರಿಯಾಗಿ ಬಾಯಿ ತೆಗೆಯುತ್ತಿದ್ದೆ.

“ನಿನ್ನ ಗಂಡ ಮದಿವ್ಯಾಗ ಕುದರಿ ಮ್ಯಾಲ ಕುಂತು ಹೆಂಗ ಕಣ್ಣ ಮುಚ್ಚಿದ್ದ, ನೆಪ್ಪದೇನು?”

ಅವಳ ಚೆಂಡು ಸೀದಾ ಕೆರೆಗೆ.

“ಏ ಮುದುಕಿ! ಭಾಳ ಬದ್ಮಾಶ್ ಇದ್ದಿ ನೀ!” ಎಂದು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಆದರೆ ಒಂದು ದಿನ ದವಾಖಾನೆಯಿಂದ ಬಂದವಳು ಆಡಲು ಒಲ್ಲೆ ಎಂದಳು.

“ಡಾಕ್ಟರಮ್ಮ ಏನಂದ್ರು?”

“ಎಲ್ಲಾ ಬರೋಬ್ಬರಿ ಅದ ಅಂದ್ರು. ಆದ್ರೂ ಜೀವ ಹೆದರತದ ಆಯಿ. ನೀ ಒಬ್ಬಾಕೇ ಆಡು, ನಾ ಕೇಳ್ತೀನಿ.”

ಒಬ್ಬಳೇ ಆಡತೊಡಗಿದೆ. ಕೂಸಿಗೆ ಕತೆ ಹೇಳುವಂತೆ ಸಣ್ಣ ದನಿಯಲ್ಲಿ ಒಂದೊಂದೇ ಹೇಳುತ್ತ ಹೋದೆ: ಈಗ ಗಾಳಿ ಎಡಕ್ಕದ, ಈಗ ಚೆಂಡು ಮರ ದಾಟ್ಲಿಕತ್ತದ, ಈಗ ಹುಲ್ಲಿನ ಮ್ಯಾಲ ಇಳೀತು, ಉರಳ್ಲಿಕತ್ತದ, ಉರಳ್ಲಿಕತ್ತದ... ಕುಳಿಗೆ ಬಿತ್ತು.

“ಕೇಳಿದೇನು?”

ಆ ಕಡೆಯಿಂದ ಉದ್ದನೆಯ ಉಸಿರು ಮಾತ್ರ. ಆಮೇಲೆ ಅವಳ ಅತ್ತೆಯ ಪಿಸುದನಿ: “ನಿದ್ದಿ ಹತ್ತ್ಯಾದ್ರಿ ಬೀಗತಿ. ಫೋನ್ ಕಟ್ ಮಾಡ್ಲೇನ್ರಿ?”

“ಬ್ಯಾಡ್ರಿ, ಹಂಗೇ ಬಾಜೂಕ ಇಡ್ರಿ. ಆಕಿ ಉಸರು ಕೇಳ್ತೀನಿ,” ಎಂದೆ. “ಎದ್ದ ಮ್ಯಾಲ ಮಾತ್ರ ಹೇಳ್ರಿ, ಒಂದೇ ಹೊಡೆತಕ್ಕ ಹಾಕಿದೆ ಅಂತ.”